ಹಾಜಿ ಅಲಿ ನಡೆದ ದಾರಿ

ಅಮೆರಿಕದ ಪಶ್ಚಿಮ ವಲಸೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾದ ಕುದುರೆ, ಬಂದೂಕು, ಕಮಾನು ಬಂಡಿಗಳು. ಆ ಮರುಭೂಮಿಯಲ್ಲಿ ಒಂಟೆಗಳೂ ನಡೆದಿದ್ದವು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು.

1848ರಲ್ಲಿ ಮೆಕ್ಸಿಕೋದಿಂದ ಕಸಿದುಕೊಂಡ ಒಣನೆಲದಲ್ಲಿ ಹೇಸರಗತ್ತೆಗಳು ನೀರಿಲ್ಲದೆ ಸೋಲುತ್ತಿದ್ದವು. 1855ರಲ್ಲಿ ಅಮೆರಿಕದ ಸಂಸತ್ತು ಒಂಟೆಗಳಿಗಾಗಿ 30,000 ಡಾಲರ್ ಮಂಜೂರು ಮಾಡಿತು. ಮರುವರ್ಷ ಒಂಟೆಗಳು ಟೆಕ್ಸಾಸ್ ತೀರದಲ್ಲಿ ಇಳಿದವು. ಅವುಗಳನ್ನು ನಡೆಸಲು ಉಸ್ಮಾನಿಯಾ ಸಾಮ್ರಾಜ್ಯದಿಂದ ಬಂದವರಲ್ಲಿ ಹಾಜಿ ಅಲಿ ಒಬ್ಬರು. ಹಜ್ ಮಾಡಿದವರಿಗೆ ಸಲ್ಲುವ ಗೌರವದ ಆ ಹೆಸರು ಅಮೆರಿಕನ್ನರ ಬಾಯಲ್ಲಿ ‘ಹೈ ಜಾಲಿ’ ಆಯಿತು!

1857ರಲ್ಲಿ ಎಡ್ವರ್ಡ್ ಬೀಲ್ ನ್ಯೂಮೆಕ್ಸಿಕೋದಿಂದ ಕೊಲೊರಾಡೊ ನದಿಯತ್ತ ಬಂಡಿದಾರಿ ಗುರುತಿಸಲು ಹೊರಟಾಗ ಈ ಒಂಟೆಗಳೂ ಹೊರಟವು. ಹೇಸರಗತ್ತೆಗಳು ಮೂಸದ ಕುರುಚಲು ಗಿಡಗಳನ್ನು ತಿಂದುಕೊಂಡು, ಅವುಗಳು ಕುಡಿಯುವ ನೀರನ್ನೂ ಹೊತ್ತವು.

ಹಾಜಿ ಅಲಿಯವರನ್ನು ನಮ್ಮವರೆಂದು ಹೆಮ್ಮೆಪಡುವ ಆಸೆ ಸಹಜ. ಆದರೆ ಆ ದಾರಿ ಹಾದದ್ದು ಯಾರ ನೆಲದ ಮೇಲೆ ಎಂದೂ ನಾವು ಕೇಳಬೇಕಲ್ಲವೇ? ಕೊಲೊರಾಡೊ ದಂಡೆಯಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ ಮೊಹಾವೆ ಜನ, 1858ರಲ್ಲಿ ಅದೇ ದಾರಿಯಲ್ಲಿ ಬಂದ ವಲಸಿಗರ ಮೇಲೆ ಎರಗಿದರು. ಮರುವರ್ಷವೇ ಸೈನ್ಯ ಬಂದು ಅಲ್ಲಿ ಕೋಟೆ ಹಾಕಿತು. ಆ ನೆಲ ಮತ್ತೆ ಮೊದಲಿನಂತೆ ಅವರದಾಗಲಿಲ್ಲ.

1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಯೋಜನೆ ಮೂಲೆಗುಂಪಾಗಿ ಒಂಟೆಗಳು ಹರಾಜಾದವು. ಹಾಜಿ ಅಲಿ 1902ರಲ್ಲಿ ಅರಿಜೋನಾದ ಕ್ವಾರ್ಟ್ಜ್‌ಸೈಟ್‌ನಲ್ಲಿ ತೀರಿಕೊಂಡರು. 1935ರಲ್ಲಿ ಹೆದ್ದಾರಿ ಇಲಾಖೆ ಅವರ ಗೋರಿಗೆ ಕಲ್ಲಿನ ಪಿರಮಿಡ್ ಕಟ್ಟಿ, ತುದಿಗೊಂದು ಲೋಹದ ಒಂಟೆ ನಿಲ್ಲಿಸಿತು. ಫಲಕದಲ್ಲಿರುವ ಹೆಸರು ‘ಹೈ ಜಾಲಿ’.