ಮಂಜನೀಕ್ ಯಾರ ಯಂತ್ರ?

ಪಂಪ್‌ಸೆಟ್ಟು ಬರುವ ಮುನ್ನ ಬಾವಿಯಿಂದ ನೀರೆತ್ತುತ್ತಿದ್ದ ಏತವನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಿರಿಯರು ಬಲ್ಲರು. ಅಂಥದೇ ಮರದ ಒಂದು ತುದಿಗೆ ಭಾರ, ಇನ್ನೊಂದಕ್ಕೆ ಕವಣೆ ಕಟ್ಟಿ ಕಲ್ಲಿಟ್ಟರೆ ಅದು ಮಧ್ಯಯುಗದಲ್ಲಿ ಕೋಟೆ ಒಡೆಯುತ್ತಿದ್ದ ಯಂತ್ರ. ಅರಬರು ಇದನ್ನು 'ಮಂಜನೀಕ್' ಎಂದರು.

ಹೆಸರು ಕೇಳಿದೊಡನೆ ಆಯುಧಕ್ಕೊಂದು ಮತ ಹಚ್ಚುವವರು ನಮ್ಮಲ್ಲಿದ್ದಾರೆ. ಆದರೆ ಈ ಪದದ ಬೇರು ಗ್ರೀಕಿನ 'ಮಂಗನಾನ್'. ಅದಕ್ಕೆ ಯಂತ್ರವೆಂದೂ ಅರ್ಥ, ಮೋಡಿಯೆಂದೂ ಅರ್ಥ. ನಮಗಿದು ಹೊಸತಲ್ಲ, ನಾವು ತೋಳಿಗೆ ಕಟ್ಟಿಕೊಳ್ಳುವುದೂ ಯಂತ್ರವೇ ತಾನೆ!

ಜನರು ಹಗ್ಗ ಜಗ್ಗಿ ಕಲ್ಲೆಸೆಯುತ್ತಿದ್ದ ಇದರ ಮೊದಲ ರೂಪ ಚೀನಾದ್ದು. ಆದರೂ ಕುಬ್ಲೈಖಾನನ ಸೇನೆ 1273ರಲ್ಲಿ ಷಿಯಾಂಗ್‌ಯಾಂಗ್ ನಗರವನ್ನು ಗೆದ್ದಾಗ, ಇಸ್ಮಾಯಿಲ್ ಮತ್ತು ಅಲಾವುದ್ದೀನ್ ಎಂಬ ಕುಶಲಿಗಳು ಕಟ್ಟಿದ್ದ ಭಾರದ ಯಂತ್ರವನ್ನು ಚೀನೀಯರು 'ಹುಯ್‌ಹುಯ್ ಪಾವ್', ಅಂದರೆ ಮುಸಲ್ಮಾನರ ಕಲ್ಲೆಸೆಯುವ ಯಂತ್ರ ಎಂದು ಕರೆದರು. ಸಲಾಹುದ್ದೀನನಿಗಾಗಿ ತರ್ಸೂಸಿ ಬರೆದ ಅರಬೀ ಗ್ರಂಥದಲ್ಲಿ ಒಂದು ಬಗೆ ಫ್ರಾಂಕರದು, ಮತ್ತೊಂದು ತುರ್ಕರದು. ದಿಲ್ಲಿಯ ಪಾರಸಿ ಬರಹಗಳಲ್ಲಿ ಅದು 'ಮಗ್ರಿಬಿ', ಪಡುವಣದ್ದು. ಎಲ್ಲರೂ ಬೆರಳು ತೋರುವುದು ಬೇರೆಯವರತ್ತಲೇ.

ಇಂಥ ಯಂತ್ರಗಳಿಂದ 1310ರಲ್ಲಿ ವಾರಂಗಲ್ಲನ್ನು ಮಣಿಸಿದ ಮಲಿಕ್ ಕಾಫೂರ್ ಮರುವರ್ಷ ನಮ್ಮ ನೆರೆಯ ದ್ವಾರಸಮುದ್ರಕ್ಕೇ ಬಂದ. ಮೂರನೆಯ ಬಲ್ಲಾಳ ಸಂಧಿ ಮಾಡಿಕೊಂಡ.

ಮದ್ದು ಬಂದ ಮೇಲೆ ಮಂಜನೀಕ್ ಮೂಲೆ ಸೇರಿತು. ಅದರ ಜಾಗಕ್ಕೆ ಬಂದ ತೋಪನ್ನು ಕನ್ನಡಿಗರು 'ಫಿರಂಗಿ' ಎಂದರು. ಅದೂ ಫ್ರಾಂಕರ ಹೆಸರೇ.