ಮನೆಮಂದಿಯ ಫೋಟೊ, ವಿಡಿಯೊಗೆ ಜೂಮ್ ಕ್ಯಾಮೆರಾ: ಕೊಳ್ಳುವ ಮುನ್ನ ನೋಡಬೇಕಾದ್ದು ಬರೀ ‘ಎಷ್ಟು ಎಕ್ಸ್’ ಅಲ್ಲ

ಶಿವಮೊಗ್ಗ: ಕ್ಯಾಮೆರಾ ಅಂಗಡಿಗೆ ಹೋದವರು ಮೊದಲು ಕೇಳುವುದೇ ‘ಎಷ್ಟು ಎಕ್ಸ್ ಜೂಮ್ ಇದೆ?’ ಅಂತ. ಡಬ್ಬದ ಮೇಲೂ ಅದೇ ಸಂಖ್ಯೆ ದಪ್ಪಕ್ಕೆ ಅಚ್ಚಾಗಿರುತ್ತದೆ. 30 ಎಕ್ಸ್‌ಗಿಂತ 40 ಎಕ್ಸ್ ಒಳ್ಳೆಯದು ಎಂಬ ಲೆಕ್ಕದಲ್ಲೇ ವ್ಯಾಪಾರ ಮುಗಿಯುತ್ತದೆ. ಆಮೇಲೆ ಮಗುವಿನ ನಾಮಕರಣದ ದಿನ ಟ್ಯೂಬ್‌ಲೈಟ್ ಬೆಳಕಿನ ನಡುಮನೆಯಲ್ಲಿ ತೆಗೆದ ಫೋಟೊಗಳನ್ನು ನೋಡಿದರೆ ಅರ್ಧಕ್ಕರ್ಧ ಮಸುಕು. ಅಜ್ಜಿಯ ಮುಖ ಕಪ್ಪು, ಮಗುವಿನ ಕೈಕಾಲು ಕಲಸಿಹೋದ ಹಾಗೆ. ಫೋಟೊ ಸರಿ ಬರಲಿಲ್ಲ ಅಂತ ನಾಮಕರಣ ಎರಡನೇ ಸಲ ಮಾಡೋಕಾಗಲ್ಲ.

ಒಂದು ಸಂಸಾರ ವರ್ಷದಲ್ಲಿ ತೆಗೆಯುವ ಫೋಟೊಗಳನ್ನು ಹಾಗೇ ಲೆಕ್ಕ ಹಾಕಿ ನೋಡಿ. ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ, ಕಲ್ಯಾಣ ಮಂಟಪದ ಮದುವೆ, ರಾತ್ರಿ ನಡೆಯುವ ಶಾಲಾ ವಾರ್ಷಿಕೋತ್ಸವ. ಹೆಚ್ಚಿನವು ಸೂರಿನ ಕೆಳಗೆ, ಅರೆಬೆಳಕಿನಲ್ಲಿ. ಬಿಸಿಲಲ್ಲಿ ನಿಂತು ದೂರದ್ದನ್ನು ಹಿಡಿಯುವ ಸಂದರ್ಭ ವರ್ಷಕ್ಕೆ ಒಂದೆರಡು ಪ್ರವಾಸಗಳಲ್ಲಿ ಮಾತ್ರ. ಕ್ಯಾಮೆರಾ ಆರಿಸುವಾಗ ಈ ಲೆಕ್ಕವೇ ಮುಖ್ಯ.

ಫೋನ್ ಸಾಲದಾ?

ಬಹಳ ಮನೆಗಳಿಗೆ ಸಾಕು. ಜಪಾನಿನ ಕ್ಯಾಮೆರಾ ಕಂಪನಿಗಳ ಒಕ್ಕೂಟ ‘ಸಿಪಾ’ ಲೆಕ್ಕದ ಪ್ರಕಾರ, 2010ರಲ್ಲಿ ಲೆನ್ಸ್ ಬಿಚ್ಚಲು ಬಾರದ ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಯಿಂದ ಹೊರಟದ್ದು 10 ಕೋಟಿಗೂ ಹೆಚ್ಚು. 2023ರಲ್ಲಿ ಅದು 20 ಲಕ್ಷವೂ ಇಲ್ಲ. ನಡುವಿನ ಜಾಗವನ್ನೆಲ್ಲ ಫೋನ್ ನುಂಗಿತು. ಒಳ್ಳೆಯ ಫೋನ್ ಒಂದು ಸಲ ಒತ್ತಿದರೆ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಸೇರಿಸಿ, ಕತ್ತಲೆಯಲ್ಲೂ ಸ್ವಚ್ಛ ಫೋಟೊ ಕೊಡುತ್ತದೆ. ಸಾಲಾಗಿ ನಿಂತ ನೆಂಟರ ಗುಂಪು ಫೋಟೊಗೆ ಬೇರೆ ಕ್ಯಾಮೆರಾ ಬೇಕಿಲ್ಲ. ಇನ್ನೂ ಹೇಳಬೇಕೆಂದರೆ, ಸಣ್ಣ ಸೆನ್ಸರ್‌ನ 30–40 ಎಕ್ಸ್ ಕ್ಯಾಮೆರಾಗಳು ಮನೆಯೊಳಗಿನ ಬೆಳಕಿನಲ್ಲಿ ಇಂಥ ಫೋನಿಗೆ ಸೋಲುತ್ತವೆ.

ಕ್ಯಾಮೆರಾ ಗೆಲ್ಲುವುದು ದೂರದ ವಸ್ತುವಿಗೆ, ಓಡಾಡುವ ಮಕ್ಕಳಿಗೆ, ಮತ್ತು ಉದ್ದದ ವಿಡಿಯೊಗೆ. ಮಾಂಗಲ್ಯಧಾರಣೆ ಹೊತ್ತಿಗೆ ಸರಿಯಾಗಿ ಯಾರದೋ ಕರೆ ಬಂದು ಫೋನಿನ ರೆಕಾರ್ಡಿಂಗ್ ನಿಂತುಹೋಗುವ ಭಯವೂ ಅದರಲ್ಲಿಲ್ಲ.

‘ಎಕ್ಸ್’ ಹೇಳುವುದು ಏನನ್ನು?

ಎಕ್ಸ್ ಅಂದರೆ ಬರೀ ಒಂದು ಭಾಗಾಕಾರ. ಲೆನ್ಸ್ 24 ಎಂಎಂನಿಂದ 720 ಎಂಎಂವರೆಗೆ ಹೋದರೆ 720ನ್ನು 24ರಿಂದ ಭಾಗಿಸಿ 30 ಎಕ್ಸ್ ಅನ್ನುತ್ತಾರೆ. ಪ್ಯಾನಾಸೋನಿಕ್ ಲುಮಿಕ್ಸ್ ಟಿಜಡ್95, ಸೋನಿ ಎಚ್‌ಎಕ್ಸ್99 ಈ ಜಾತಿಯವು. ಕ್ಯಾನನ್ ಎಸ್‌ಎಕ್ಸ್740 ಎಚ್‌ಎಸ್ 960 ಎಂಎಂವರೆಗೆ ಹೋಗುತ್ತದೆ, ಹಾಗಾಗಿ 40 ಎಕ್ಸ್. ಚಿತ್ರ ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವುದಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ. ‘ಡಿಜಿಟಲ್ ಜೂಮ್’ ಅಂತ ಬರೆದಿದ್ದರೆ ಅದನ್ನು ಲೆಕ್ಕಕ್ಕೇ ತಗೋಬೇಡಿ, ಅದು ತೆಗೆದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಕೆಲಸ. ಆನ್‌ಲೈನ್‌ನಲ್ಲಿ ಐದಾರು ಸಾವಿರಕ್ಕೆ, ಹೆಸರೇ ಕೇಳಿರದ ಕಂಪನಿಯ ‘48 ಮೆಗಾಪಿಕ್ಸೆಲ್, 16 ಎಕ್ಸ್’ ಕ್ಯಾಮೆರಾ ಕಂಡರೆ ಅದು ಸಾಮಾನ್ಯವಾಗಿ ಇಂಥದ್ದೇ. ಮಕ್ಕಳ ಆಟಿಕೆಗೆ ಆಗಬಹುದು.

ಜೂಮ್ ನಿಜಕ್ಕೂ ಎಷ್ಟು ಬೇಕು? ಜಿಲ್ಲೆಯ ಜಾಗಗಳನ್ನೇ ತಗೊಳ್ಳಿ. ಮಳೆಗಾಲದಲ್ಲಿ ಮಂಡಗದ್ದೆಯ ತುಂಗಾ ನಡುಗಡ್ಡೆಯ ಮರಗಳಲ್ಲಿ ಕೂತ ಬೆಳ್ಳಕ್ಕಿಗಳನ್ನು ದಡದಿಂದ ಹಿಡಿಯಲು 720 ಎಂಎಂ ಇದ್ದರೂ ಹೆಚ್ಚಲ್ಲ. ಸಕ್ರೆಬೈಲಿನಲ್ಲಿ ಬೆಳಗ್ಗೆ ಆನೆ ಸ್ನಾನ ನೋಡಲು 100–200 ಎಂಎಂ ಧಾರಾಳ. ಜೋಗದಲ್ಲಿ ಪೂರ್ತಿ ಉಲ್ಟಾ: ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ, ಮುಂದೆ ನಿಂತ ಮನೆಮಂದಿಯೂ ಒಂದೇ ಚೌಕಟ್ಟಿನಲ್ಲಿ ಬರಬೇಕೆಂದರೆ ಬೇಕಾದ್ದು ಜೂಮ್ ಅಲ್ಲ, ಅಗಲ. ಅಲ್ಲಿ 24 ಎಂಎಂ ಕೆಲಸಕ್ಕೆ ಬರುತ್ತದೆ. ಹಳೆಯ ಕ್ಯಾಮೆರಾಗಳಲ್ಲಿ ಅಗಲ 28 ಅಥವಾ 35 ಎಂಎಂನಿಂದ ಶುರುವಾಗುತ್ತಿತ್ತು. ಸಣ್ಣ ಕೋಣೆಯಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತರೂ ಎಲ್ಲರೂ ಹಿಡಿಯುತ್ತಿರಲಿಲ್ಲ.

ಇನ್ನು ಶಾಲೆಯ ವೇದಿಕೆ. ಅಪ್ಪ ಅಮ್ಮ ವೇದಿಕೆಯಿಂದ 20 ಮೀಟರ್ ದೂರದ ಕುರ್ಚಿಯಲ್ಲಿ ಕೂತಿದ್ದಾರೆ ಅಂತಿಟ್ಟುಕೊಳ್ಳಿ. 200 ಎಂಎಂ ಜೂಮ್‌ನಲ್ಲಿ ಕ್ಯಾಮೆರಾ ಅಡ್ಡ ಹಿಡಿದರೆ ಚೌಕಟ್ಟಿನ ಎತ್ತರ ಸುಮಾರು 2.4 ಮೀಟರ್. ನಾಲ್ಕಡಿ ಎತ್ತರದ ಮಗು ಅದರಲ್ಲಿ ಅರ್ಧ ತುಂಬುತ್ತದೆ, ಸುತ್ತ ಕುಣಿಯುವ ಗೆಳೆಯರೂ ಕಾಣುತ್ತಾರೆ. 100 ಎಂಎಂ ಆದರೆ ಮಗು ಕಾಲು ಭಾಗ. ಆಮೇಲೆ ಸ್ವಲ್ಪ ಕತ್ತರಿಸಿಕೊಂಡರೆ ನಡೆಯುತ್ತದೆ. 720 ಎಂಎಂ ಎಳೆದರೆ ಸಿಗುವುದು ಮುಖ, ಹೆಗಲು ಅಷ್ಟೇ. ಮಗು ಒಂದು ಹೆಜ್ಜೆ ಪಕ್ಕಕ್ಕೆ ಹಾಕಿದರೆ ಚೌಕಟ್ಟು ಖಾಲಿ.

ಬೆಳಕಿನ ಲೆಕ್ಕ

ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಇರುವ ಎರಡು ಸಂಗತಿಗಳನ್ನು ಓದಬೇಕು. ಒಂದು, ಲೆನ್ಸ್‌ನ ‘ಎಫ್’ ಸಂಖ್ಯೆ. ಇದು ಕಡಿಮೆ ಇದ್ದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಎಫ್/3.3 ಲೆನ್ಸ್‌ಗಿಂತ ಎಫ್/1.8 ಲೆನ್ಸ್ ಮೂರು ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ. ಸಾಮಾನ್ಯವಾಗಿ ಎರಡು ಸಂಖ್ಯೆ ಬರೆದಿರುತ್ತಾರೆ, ಉದಾಹರಣೆಗೆ ಎಫ್/3.3–6.4. ಮೊದಲನೆಯದು ಜೂಮ್ ಎಳೆಯದೇ ಇದ್ದಾಗ, ಎರಡನೆಯದು ಪೂರ್ತಿ ಎಳೆದಾಗ. ಅಂದರೆ ಜೂಮ್ ಎಳೆದಷ್ಟೂ ಕತ್ತಲೆ. ವೇದಿಕೆ ಮೊದಲೇ ಮಂಕಾಗಿದ್ದರೆ ಕ್ಯಾಮೆರಾ ಶಟರ್ ನಿಧಾನ ಮಾಡುತ್ತದೆ, ಕುಣಿಯುವ ಮಗು ಮಸುಕಾಗುತ್ತದೆ. ಕೈ ನಡುಕವನ್ನು ಸ್ಟೆಬಿಲೈಸೇಶನ್ ತಡೆಯುತ್ತದೆ ನಿಜ, ಆದರೆ ಮಗುವಿನ ಕುಣಿತವನ್ನು ಅದು ತಡೆಯೋಕಾಗಲ್ಲ. ಕ್ಯಾಮೆರಾದ ಫ್ಲ್ಯಾಶ್ ಕೆಲವೇ ಮೀಟರ್ ದೂರಕ್ಕೆ ಮಾತ್ರ. 20 ಮೀಟರ್ ದೂರದ ವೇದಿಕೆಗೆ ಹೊಡೆದರೆ ಮುಂದಿನ ಸಾಲಿನವರ ತಲೆಗಳು ಬೆಳಗುತ್ತವೆ.

ಎರಡನೆಯದು ಸೆನ್ಸರ್. 30–40 ಎಕ್ಸ್ ಕ್ಯಾಮೆರಾಗಳಲ್ಲಿ ಇರುವುದು ‘1/2.3 ಇಂಚು’ ಸೆನ್ಸರ್, ಅಳತೆ ಸುಮಾರು 6.2 ಗುಣಿಸು 4.6 ಮಿಲಿಮೀಟರ್. ಇನ್ನೊಂದು ಜಾತಿಯವಲ್ಲಿ ‘1 ಇಂಚು’ ಸೆನ್ಸರ್, ಅಳತೆ 13.2 ಗುಣಿಸು 8.8 ಮಿಲಿಮೀಟರ್. ವಿಸ್ತೀರ್ಣದಲ್ಲಿ ಇದು ನಾಲ್ಕು ಪಟ್ಟು. ದೊಡ್ಡ ಸೆನ್ಸರ್ ಜತೆಗೆ ಎಫ್/1.8 ಲೆನ್ಸೂ ಸೇರಿದರೆ ಜೂಮ್ ಎಳೆಯದೇ ಮನೆಯೊಳಗೆ ತೆಗೆಯುವ ಚಿತ್ರಕ್ಕೆ ಸಿಗುವ ಬೆಳಕು ಹತ್ತು ಪಟ್ಟು ಮೀರುತ್ತದೆ. ನಾಮಕರಣದ ಫೋಟೊ ಉಳಿಯುವುದೋ ಕೆಡುವುದೋ ತೀರ್ಮಾನವಾಗುವುದು ಇಲ್ಲೇ.

ಈ ದೊಡ್ಡ ಸೆನ್ಸರ್ ಗುಂಪಿನಲ್ಲಿ ಹೆಚ್ಚು ಕೇಳಿಬರುವ ಹೆಸರು ಕ್ಯಾನನ್ ಪವರ್‌ಶಾಟ್ ಜಿ7 ಎಕ್ಸ್ ಮಾರ್ಕ್ 3 ಮತ್ತು ಸೋನಿ ಆರ್‌ಎಕ್ಸ್100 ಮಾರ್ಕ್ 7. ಎರಡೂ 2019ರಲ್ಲಿ ಬಂದವು. ಮೊದಲನೆಯದು 24–100 ಎಂಎಂ, ಎಫ್/1.8–2.8. ಎರಡನೆಯದು 24–200 ಎಂಎಂ, ಎಫ್/2.8–4.5; ಫೋಕಸ್ ವಿಷಯದಲ್ಲಿ ಇದು ಚುರುಕು. ದೊಡ್ಡ ಸೆನ್ಸರ್ ಮತ್ತು ಉದ್ದ ಜೂಮ್ ಎರಡೂ ಬೇಕೆನ್ನುವವರಿಗೆ ಪ್ಯಾನಾಸೋನಿಕ್ ಟಿಜಡ್200 ಇದೆ, 24–360 ಎಂಎಂ. ಆದರೆ ಎಫ್/3.3ರಿಂದ ಶುರುವಾಗುವುದರಿಂದ ಕತ್ತಲೆಯಲ್ಲಿ ಸ್ವಲ್ಪ ಹಿಂದೆ. ಇವೆಲ್ಲ 30 ಎಕ್ಸ್ ಕ್ಯಾಮೆರಾಗಳಿಗಿಂತ ದುಬಾರಿ.

ಹಾಗಾಗಿ ಮಕ್ಕಳು ಚಿಕ್ಕವರು, ಸಮಾರಂಭ ಹೆಚ್ಚು ಅನ್ನುವ ಮನೆಗೆ 100 ಅಥವಾ 200 ಎಂಎಂವರೆಗಿನ 1 ಇಂಚಿನ ಕ್ಯಾಮೆರಾವೇ ಸರಿ. ಹಕ್ಕಿ, ಸಫಾರಿ, ಬಯಲಲ್ಲಿ ಕ್ರಿಕೆಟ್ ಆಡುವ ಮಗ, ಇಷ್ಟೇ ಇದ್ದು ಮನೆಯೊಳಗಿನದ್ದಕ್ಕೆ ಒಳ್ಳೆಯ ಫೋನ್ ಇದ್ದರೆ 30 ಎಕ್ಸ್ ಕ್ಯಾಮೆರಾ ತಗೊಳ್ಳಿ, ಬಿಸಿಲಲ್ಲಿ ಅದು ಮೋಸ ಮಾಡಲ್ಲ. ಅದರಲ್ಲೂ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರುವುದು ಒಳ್ಳೆಯದು. ಮಧ್ಯಾಹ್ನದ ಬಿಸಿಲಿಗೆ ಹಿಂದಿನ ಪರದೆ ಕಾಣುವುದೇ ಇಲ್ಲ.

ಮೆಗಾಪಿಕ್ಸೆಲ್ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. 20 ಮೆಗಾಪಿಕ್ಸೆಲ್ ಚಿತ್ರ, ಸ್ಟುಡಿಯೊದವರು ಮಾಡಿಕೊಡುವ 12 ಗುಣಿಸು 18 ಇಂಚಿನ ಆಲ್ಬಂ ಹಾಳೆಗೆ ಸರಿಯಾಗಿ ಸಾಲುತ್ತದೆ.

ವಿಡಿಯೊಗೆ ಬೇರೆಯೇ ಪರೀಕ್ಷೆ

ನಮ್ಮ ದೇಶದ ಕರೆಂಟು 50 ಹರ್ಟ್ಜ್. ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ವಿಡಿಯೊ ಸೆಕೆಂಡಿಗೆ 25 ಅಥವಾ 50 ಫ್ರೇಮ್, ಶಟರ್ 1/50 ಅಥವಾ 1/100 ಇದ್ದರೆ ಎರಡೂ ತಾಳೆಯಾಗುತ್ತದೆ. 30 ಅಥವಾ 60 ಫ್ರೇಮ್‌ನಲ್ಲಿ ಮಾಮೂಲು ಶಟರ್‌ನಲ್ಲಿ ಬಿಟ್ಟರೆ ಟ್ಯೂಬ್‌ಲೈಟ್ ಕೆಳಗಿನ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಹರಿಯುತ್ತವೆ. ಅಮೆರಿಕದಿಂದ ಮಗನೋ ಅಳಿಯನೋ ತಂದುಕೊಟ್ಟ ಕ್ಯಾಮೆರಾದಲ್ಲಿ ಬಹಳ ಸಲ ಆಗುವುದು ಇದೇ. ಮೆನುವಿನಲ್ಲಿ ‘ಎನ್‌ಟಿಎಸ್‌ಸಿ’ ಅಂತ ಇದ್ದರೆ ‘ಪಾಲ್’ಗೆ ಬದಲಿಸಿ. ಬದಲಿಸಲು ಬಾರದ ಮಾದರಿಯಾದರೆ ಶಟರ್ ಕೈಯಿಂದ 1/100ಕ್ಕೆ ಇಡಲು ಆಗುತ್ತದಾ ನೋಡಿ. ಮಂಟಪದ ಅಗ್ಗದ ಎಲ್‌ಇಡಿ ಸರಗಳು ಮಾತ್ರ ಏನು ಮಾಡಿದರೂ ಒಮ್ಮೊಮ್ಮೆ ಮಿನುಗುತ್ತವೆ.

ಧ್ವನಿಯನ್ನು ಬಹಳ ಜನ ಮರೆಯುತ್ತಾರೆ. ಜೂಮ್ ಚಿತ್ರವನ್ನು ಹತ್ತಿರ ತರುತ್ತದೆ, ದನಿಯನ್ನು ತರಲ್ಲ. ಹಸೆಮಣೆ ಪಕ್ಕ ಕೂತು ಅಜ್ಜಿ ಹೇಳುವ ಸೋಬಾನೆಯನ್ನು ಸಭಾಂಗಣದ ಹಿಂದಿನಿಂದ ಜೂಮ್ ಎಳೆದು ತೆಗೆದರೆ ಕೇಳಿಸುವುದು ಫ್ಯಾನು, ಊಟದ ಹಾಲಿನ ಗದ್ದಲ ಮತ್ತು ಲೆನ್ಸ್ ಮೋಟಾರಿನ ಕಿರಿಕಿರಿ. ಆ ಹಾಡು ಬರೆದಿಟ್ಟಿದ್ದಲ್ಲ, ಅಜ್ಜಿಯ ಬಾಯಲ್ಲೇ ಇರುವುದು. ಹತ್ತಿರ ಹೋಗಿ, ಎರಡು ಅಡಿ ದೂರದಲ್ಲಿ, ಜೂಮ್ ಮುಟ್ಟದೆ ತೆಗೆಯಬೇಕು. ಹೊರಗಿನ ಮೈಕ್ ಸಿಕ್ಕಿಸುವ ಜಾಗ ಮೇಲೆ ಹೇಳಿದ ಜಿ7 ಎಕ್ಸ್ ಮಾರ್ಕ್ 3, ಆರ್‌ಎಕ್ಸ್100 ಮಾರ್ಕ್ 7 ಎರಡಕ್ಕೂ ಇದೆ. ಉದ್ದ ಜೂಮಿನ ಪಾಕೆಟ್ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಇಲ್ಲ.

4ಕೆ ಇದೆ ಅಂತ ಹಿಗ್ಗುವ ಮುನ್ನ ಒಮ್ಮೆಗೆ ಎಷ್ಟು ನಿಮಿಷ ರೆಕಾರ್ಡ್ ಆಗುತ್ತದೆ ಕೇಳಿ. ಪುಟ್ಟ ದೇಹ ಬೇಗ ಬಿಸಿಯಾಗುತ್ತದೆ, ಕೆಲವು 10 ಅಥವಾ 15 ನಿಮಿಷಕ್ಕೆ ತಾವಾಗೇ ನಿಲ್ಲುತ್ತವೆ. ಉದ್ದದ ಶಾಸ್ತ್ರಗಳಿಗೆ ಫುಲ್ ಎಚ್‌ಡಿ ಸಾಕು. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ ಗಂಟೆಗೆ ಸುಮಾರು 45 ಜಿಬಿ ತಿನ್ನುತ್ತದೆ, 28 ಮೆಗಾಬಿಟ್‌ನ ಫುಲ್ ಎಚ್‌ಡಿಗೆ 13 ಜಿಬಿಯೊಳಗೆ ಮುಗಿಯುತ್ತದೆ. ಕಾರ್ಡ್ ಮೇಲೆ ‘ವಿ30’ ಗುರುತು ಇರಲಿ. ಬ್ಯಾಟರಿ ಎರಡು ಬೇಕೇ ಬೇಕು.

ಅಂಗಡಿಯಲ್ಲಿ

ಸ್ವಂತ ಮೆಮೊರಿ ಕಾರ್ಡ್ ತಗೊಂಡು ಹೋಗಿ. ಅಂಗಡಿಯ ಮುಂಭಾಗ ಬೆಳಕು ಜಾಸ್ತಿ, ಅಲ್ಲಿ ಎಲ್ಲ ಕ್ಯಾಮೆರಾಗಳೂ ಚೆನ್ನಾಗೇ ಕಾಣುತ್ತವೆ. ಒಳಗಿನ ಮೂಲೆಗೆ ಹೋಗಿ, ಪೂರ್ತಿ ಜೂಮ್ ಎಳೆದು ನಾಲ್ಕು ಫೋಟೊ ತೆಗೆಯಿರಿ. ಯಾರನ್ನಾದರೂ ನಿಮ್ಮ ಕಡೆಗೆ ನಡೆದು ಬರಲು ಹೇಳಿ ಅರ್ಧ ನಿಮಿಷ ವಿಡಿಯೊ ಮಾಡಿ, ಮುಖದ ಮೇಲೆ ಫೋಕಸ್ ನಿಂತಿದೆಯಾ ನೋಡಿ. ಮನೆಗೆ ಬಂದು ಟಿವಿಯಲ್ಲಿ ಹಾಕಿ ನೋಡಿದ ಮೇಲೆ ದುಡ್ಡಿನ ಮಾತು.

ಸೆಕೆಂಡ್ ಹ್ಯಾಂಡ್ ಆದರೆ ಲೆನ್ಸ್ ಹತ್ತು ಸಲ ಒಳಗೆ ಹೊರಗೆ ಮಾಡಿಸಿ ಸದ್ದು ಕೇಳಿ. ಮರಳು ಹೊಕ್ಕ ಲೆನ್ಸ್ ಕರಕರ ಅನ್ನುತ್ತದೆ, ಒಂದು ದಿನ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ; ರಿಪೇರಿ ಖರ್ಚಿಗೆ ಹೋಲಿಸಿದರೆ ಹೊಸದೇ ವಾಸಿ ಅನಿಸುವಷ್ಟಾಗುತ್ತದೆ. ಮೊಬೈಲ್ ಟಾರ್ಚ್ ಹಿಡಿದು ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳಿವೆಯಾ ನೋಡಿ. ಅದು ಬೂಷ್ಟು. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಮನೆಗಳಲ್ಲಿ ಮಳೆಗಾಲ ಕಳೆದ ಕ್ಯಾಮೆರಾಗಳಲ್ಲಿ ಇದು ಬರುವುದು ಸುಲಭ. ಹೊರದೇಶದ ಕ್ಯಾಮೆರಾಕ್ಕೆ ಇಲ್ಲಿ ವಾರಂಟಿ ನಡೆಯುತ್ತದಾ ಮೊದಲೇ ಕೇಳಬೇಕು, ಬಹಳಷ್ಟು ಸಲ ಕೊಂಡ ದೇಶದಲ್ಲಿ ಮಾತ್ರ.

ಕೊಂಡ ಮೇಲೆ ಮಳೆಗಾಲದಲ್ಲಿ ಚರ್ಮದ ಪೌಚಿನಲ್ಲಿ ಬೀರುವಿನೊಳಗೆ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು. ಬಣ್ಣ ಬದಲಾಯಿಸುವ ಜೆಲ್ ಆದರೆ ಯಾವಾಗ ಒಣಗಿಸಬೇಕು ಅಂತ ತಾನೇ ಹೇಳುತ್ತದೆ. ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೊ ಹೊಡೆಯಿರಿ. ಮೊದಲ ದಿನವೇ ತಾರೀಕು, ಗಂಟೆ ಸರಿ ಮಾಡಿಟ್ಟರೆ ಮುಂದೆ ಮಗುವಿನ ಫೋಟೊ ಯಾವ ತಿಂಗಳದ್ದು ಎಂಬ ಜಗಳ ಇರಲ್ಲ. ಸಮಾರಂಭ ಮುಗಿದ ರಾತ್ರಿಯೇ ಕಾರ್ಡ್‌ನಲ್ಲಿರುವುದನ್ನು ಎರಡು ಕಡೆ ಕಾಪಿ ಮಾಡಿ, ಒಂದು ಹಾರ್ಡ್ ಡಿಸ್ಕ್ ಬೇರೆ ಮನೆಯಲ್ಲಿರಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಹೋಗುತ್ತದೆ. ಕಾರ್ಡ್ ಫಾರ್ಮ್ಯಾಟ್ ಮಾಡುವುದು ಎರಡೂ ಕಾಪಿಗಳನ್ನು ತೆರೆದು ನೋಡಿದ ಮೇಲೆ.