ಚೈನ್ ಸಾ: ಬಿಡಿಭಾಗಗಳ ಆಯ್ಕೆ ಮತ್ತು ನಿರ್ವಹಣೆ

ವಂಡ್ಸೆ: ಹೆಮ್ಮಾಡಿಯಿಂದ ಕೊಲ್ಲೂರಿಗೆ ಸಾಗುವ ದಾರಿಯಲ್ಲಿ, ಚಕ್ರಾ ನದಿಯ ಬದಿಯಲ್ಲಿರುವ ವಂಡ್ಸೆ ಪರಿಸರ ತೆಂಗು, ಅಡಿಕೆ, ರಬ್ಬರ್ ತೋಟಗಳಿಗೆ ಹೆಸರಾದುದು. ಹಾಲು ನಿಂತ ರಬ್ಬರ್ ಮರ ಕಡಿಯಲಿ, ಮಳೆಗಾಲದಲ್ಲಿ ರಸ್ತೆಗೆ ಉರುಳಿದ ಮರ ತೆರವುಗೊಳಿಸಲಿ, ಇಂಥ ಊರುಗಳಲ್ಲಿ ಚೈನ್ ಸಾ ಅನಿವಾರ್ಯ. ನಗರದಲ್ಲಿ ನೆಲೆಸಿ ಊರಿನ ತೋಟ ನೋಡಿಕೊಳ್ಳುವವರೂ ಇದನ್ನು ಕೊಂಡು ಮನೆಯಲ್ಲಿಡುವುದುಂಟು. ಯಂತ್ರದ ಬೆಲೆಗೆ ಹೋಲಿಸಿದರೆ ಚೈನಿನ ಬೆಲೆ ಅಲ್ಪ. ಆದರೆ ಅದರ ಹಲ್ಲು ಮೊಂಡಾದರೆ ಉಳಿದೆಲ್ಲ ಭಾಗಗಳೂ ಬೇಗ ಸವೆಯುತ್ತವೆ. ಯಂತ್ರ ಹಿಡಿದವನಿಗೂ ಅಪಾಯ ತಪ್ಪಿದ್ದಲ್ಲ.

ಹೊಸ ಚೈನು ಕೊಳ್ಳುವಾಗ

ಇಂದು ಬಳಕೆಯಲ್ಲಿರುವ ಚೈನಿನ ಹಲ್ಲಿನ ಮೂಲ ವಿನ್ಯಾಸ ಅಮೆರಿಕದ ಜೋಸೆಫ್ ಕಾಕ್ಸ್ ಅವರದು. ದುಂಬಿಯ ಮರಿಹುಳು ಮರವನ್ನು ಎಡಕ್ಕೂ ಬಲಕ್ಕೂ ಕೊರೆಯುತ್ತಾ ಸಾಗುವುದನ್ನು 1946ರಲ್ಲಿ ಗಮನಿಸಿ ಅವರು ಇದನ್ನು ರೂಪಿಸಿದರು.

ಅಂಗಡಿಗೆ ಹೋಗುವಾಗ ಮೂರು ಅಳತೆ ತಿಳಿದಿರಬೇಕು: ಪಿಚ್, ಗೇಜ್ ಮತ್ತು ಬಾರಿನ ಸೀಳಿನಲ್ಲಿ ಓಡುವ ಕೊಂಡಿಗಳ ಸಂಖ್ಯೆ. ಚೈನಿನ ಒಂದು ರಿವೆಟ್‌ನಿಂದ ಮೂರನೆಯ ರಿವೆಟ್‌ವರೆಗಿನ ದೂರದ ಅರ್ಧವೇ ಪಿಚ್. 0.325 ಅಂಗುಲ ಮತ್ತು 3/8 ಅಂಗುಲ ಹೆಚ್ಚು ಬಳಕೆಯವು. ಗೇಜ್ ಎಂದರೆ ಸೀಳಿಗೆ ಇಳಿಯುವ ಕೊಂಡಿಯ ದಪ್ಪ; 1.3 ಮತ್ತು 1.5 ಮಿ.ಮೀ. ಸಾಮಾನ್ಯ. ಈ ವಿವರ ಬಾರಿನ ಬುಡದಲ್ಲಿ ಅಚ್ಚಾಗಿರುತ್ತದೆ. ಮೂರರಲ್ಲಿ ಒಂದು ಹೊಂದದಿದ್ದರೂ ಚೈನು ಕೆಲಸಕ್ಕೆ ಬಾರದು.

ಎರಡು ಚೈನು ಸವೆಯುವಷ್ಟರಲ್ಲಿ ಸ್ಪ್ರಾಕೆಟ್ ಬದಲಿಸುವುದು ರೂಢಿ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನೂ ಹಾಳುಮಾಡುತ್ತದೆ. ಒಂದೇ ಅಂಚು ಸವೆಯದಂತೆ ಬಾರನ್ನು ಆಗಾಗ ಮಗುಚಿ ಹಾಕಬೇಕು.

ಹರಿತ ಮಾಡುವ ಬಗೆ

ಹರಿತವಾದ ಚೈನು ಮರವನ್ನು ಚಕ್ಕೆಯಾಗಿ ಹೊರಹಾಕುತ್ತದೆ. ನುಣ್ಣನೆಯ ಹುಡಿ ಬಿದ್ದರೆ ಹಲ್ಲು ಮೊಂಡಾಗಿದೆ ಎಂದರ್ಥ. ಆಗ ಯಂತ್ರವನ್ನು ಒತ್ತಿ ಹಿಡಿದು ಕೊಯ್ಯದೆ, ಅದನ್ನು ನಿಲ್ಲಿಸಿ ದುಂಡು ಅರದಿಂದ ಹಲ್ಲು ಮಸೆಯಬೇಕು. 0.325 ಅಂಗುಲದ ಚೈನಿಗೆ 4.8 ಮಿ.ಮೀ. ಅರ ಬೇಕು. ಸಾಮಾನ್ಯವಾಗಿ 30 ಡಿಗ್ರಿ ಕೋನದಲ್ಲಿ, ಒಳಗಿನಿಂದ ಹೊರಕ್ಕೆ, ಎಲ್ಲ ಹಲ್ಲಿಗೂ ಸಮ ಎಳೆತ ಕೊಡಬೇಕು. ಒಂದು ಬದಿ ಹೆಚ್ಚು ಸವೆದರೆ ಕೊಯ್ತ ವಾಲುತ್ತದೆ.

ಎಣ್ಣೆ, ಗಾಳಿ, ಕಿಡಿ

ಬಹುತೇಕ ಹೊಸ ಯಂತ್ರಗಳಿಗೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟು-ಸ್ಟ್ರೋಕ್ ಆಯಿಲ್ ಸಾಕು; ಕೈಪಿಡಿಯ ಪ್ರಮಾಣವೇ ಅಂತಿಮ. ಎಥೆನಾಲ್ ಬೆರೆತ ಪೆಟ್ರೋಲ್ ತೇವಾಂಶ ಹೀರುವುದರಿಂದ ಯಂತ್ರವನ್ನು ತಿಂಗಳುಗಟ್ಟಲೆ ಇಡುವ ಮೊದಲು ಟ್ಯಾಂಕ್ ಖಾಲಿ ಮಾಡುವುದು ಒಳಿತು. ಚೈನಿಗೆ ಎಣ್ಣೆ ಹೋಗುವ ರಂಧ್ರವನ್ನೂ ಏರ್ ಫಿಲ್ಟರನ್ನೂ ಕೆಲಸ ಮುಗಿದ ದಿನವೇ ಶುಚಿಗೊಳಿಸಬೇಕು. ಸ್ಪಾರ್ಕ್ ಪ್ಲಗ್‌ನ ಅಂತರ ಸಾಮಾನ್ಯವಾಗಿ 0.5 ಮಿ.ಮೀ.

ಮರೆಯಬಾರದ ಸಂಗತಿ

ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಕ್ಷಣಾರ್ಧದಲ್ಲಿ ಮುಖದತ್ತ ಸಿಡಿಯುತ್ತದೆ. ಆಗ ಚೈನನ್ನು ನಿಲ್ಲಿಸುವುದು ಚೈನ್ ಬ್ರೇಕ್. ಕೆಲಸ ಆರಂಭಿಸುವ ಮುನ್ನ ಅದನ್ನು ಪರೀಕ್ಷಿಸಬೇಕು; ಕೆಟ್ಟಿದ್ದರೆ ಆ ದಿನ ಯಂತ್ರ ಮುಟ್ಟಬಾರದು. ಹೆಲ್ಮೆಟ್, ಕಣ್ಣು ಹಾಗೂ ಕಿವಿಗಳ ರಕ್ಷಣೆ, ಗಟ್ಟಿ ಬೂಟು ಕಡ್ಡಾಯವೆಂದೇ ತಿಳಿಯಬೇಕು.

ಸ್ವಂತ ಜಮೀನಿನಲ್ಲಿದ್ದರೂ ಹಲವು ಜಾತಿಯ ಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಮರ ವಿದ್ಯುತ್ ತಂತಿಯ ಮೇಲೆ ಬಿದ್ದಿದ್ದರೆ ಮೊದಲು ಮೆಸ್ಕಾಂಗೆ ತಿಳಿಸಬೇಕು. ಲೈನ್ ಬಂದ್ ಆಗಿರುವುದು ಖಚಿತವಾಗುವ ತನಕ ಎಷ್ಟೇ ಹರಿತವಾದ ಚೈನಿದ್ದರೂ ಮರದ ಹತ್ತಿರ ಸುಳಿಯಬಾರದು.